ಡಿಫೆಂಡರ್ ಸೀಟ್ ಬಾಕ್ಸ್ ಬದಲಾಯಿಸಿದ್ದು: ಶೀಟು ಗಟ್ಟಿ, ಆದ್ರೆ ಜೊತೇಲಿ ಬರೋ ಬೋಲ್ಟು ಹಾಕ್ಬೇಡಿ

ಡ್ರೈವರ್ ಸೀಟು ಅಲ್ಲಾಡೋಕೆ ಶುರುವಾಗಿ ಒಂದೆರಡು ತಿಂಗಳಾಗಿತ್ತು. ರನ್ನರ್ (ಸೀಟು ಹಿಂದೆ ಮುಂದೆ ಜಾರೋ ಹಳಿ) ಬೋಲ್ಟು ಸಡಿಲ ಆಗಿರ್ಬೇಕು ಅನ್ಕೊಂಡು ಒಂದಿನ ಸ್ಪ್ಯಾನರ್ ಹಾಕಿ ತಿರುಗಿಸ್ದೆ, ಬಿಗಿ ಆಗೋ ಬದ್ಲು ಸುಮ್ನೆ ಸುತ್ತುತ್ತಾ ಇತ್ತು, ಇನ್ನೆರಡು ಸುತ್ತು ತಿರುಗಿಸೋ ಹೊತ್ತಿಗೆ ಬೋಲ್ಟು ವಾಷರ್ ಸಮೇತ ಕೈಗೇ ಬಂತು, ಅದ್ರ ಜೊತೆಗೆ ಒಂದು ನಾಣ್ಯದಷ್ಟು ಅಗಲದ ಶೀಟೂ ಮುರ್ಕೊಂಡು ಬಂತು. ಮ್ಯಾಟು, ಅದ್ರ ಕೆಳಗಿನ ದಪ್ಪ ಫೆಲ್ಟು ಎಲ್ಲಾ ಎತ್ತಿ ನೋಡಿದ್ರೆ ಸೀಟ್ ಬಾಕ್ಸಿನ ಅಂಚುದ್ದಕ್ಕೂ ಪೇಂಟು ಗುಳ್ಳೆ ಗುಳ್ಳೆ ಎದ್ದಿತ್ತು, ಉಗುರಲ್ಲಿ ಒತ್ತಿದ್ರೆ ಗುಳ್ಳೆ ಒಡೆದು ಒಳಗಿಂದ ಸುಣ್ಣದ ಪುಡಿ ಥರ ಬಿಳಿ ಪುಡಿ ಉದುರ್ತಿತ್ತು. ಫೆಲ್ಟನ್ನ ಹಿಂಡಿದ್ರೆ ನೀರು ಬಂತು. ಎಷ್ಟು ದಿನದಿಂದ ಆ ನೀರು ಅಲ್ಲೇ ಕೂತಿತ್ತೋ.

ಗಾಡಿ 1996ರ ಲ್ಯಾಂಡ್ ರೋವರ್ ಡಿಫೆಂಡರ್ 110, 300 ಟಿಡಿಐ ಡೀಸೆಲ್ ಎಂಜಿನ್, ಬಲಗಡೆ ಸ್ಟೀರಿಂಗ್. ಎಡಗಡೆ ಸೀಟಿನ ಕೆಳಗೆ ಬ್ಯಾಟರಿ, ಬಲಗಡೆ ಸೀಟಿನ ಕೆಳಗೆ ಟೂಲ್ಸ್ ಇಡೋ ಜಾಗ, ನಡುವೆ ಕೆಳಗಡೆ ಗೇರ್ ಬಾಕ್ಸು, ಟ್ರಾನ್ಸ್‌ಫರ್ ಬಾಕ್ಸು (ಎಂಜಿನ್ ಶಕ್ತಿನ ಮುಂದಿನ, ಹಿಂದಿನ ಚಕ್ರಗಳಿಗೆ ಹಂಚೋದು). ಈ ಮೂರನ್ನೂ ಮುಚ್ಕೊಂಡು, ಮೇಲೆ ಇಬ್ರನ್ನ ಹೊತ್ಕೊಂಡು ಕೂತಿರೋ ಪೆಟ್ಟಿಗೆನೇ ಸೀಟ್ ಬಾಕ್ಸು. ಕಣ್ಣಿಗೆ ಬೀಳಲ್ಲ, ಹಾಗಾಗಿ ಯಾರೂ ನೋಡಲ್ಲ. ಚಾಸಿಗೆ ತುಕ್ಕು ಹಿಡಿದಿದ್ಯಾ ಅಂತ ಎಲ್ರೂ ಮಲಗಿ ನೋಡ್ತಾರೆ, ಸೀಟ್ ಎತ್ತಿ ನೋಡೋರು ತುಂಬಾ ಕಮ್ಮಿ, ನಾನೂ ಗಾಡಿ ತಗೊಳೋವಾಗ ನೋಡಿರ್ಲಿಲ್ಲ.

ಈ ರಿವ್ಯೂ ಬರೀತಿರೋದು ನಾನು ತರಿಸಿದ ಹೊಸ ಅಲ್ಯುಮಿನಿಯಂ ಸೀಟ್ ಬಾಕ್ಸ್ ಬಗ್ಗೆ. ಕಂಪನಿದಲ್ಲ, ಹೊರಗಿನವರು ಶೀಟು ಮಡಚಿ ಮಾಡಿ ಕಿಟ್ ಥರ ಕೊಡೋದು. ಅವರ ಹೆಸರು ಹಾಕ್ತಿಲ್ಲ, ಯಾಕಂದ್ರೆ ಈ ಥರದ ಕಿಟ್ ಮಾಡೋರು ಸುಮಾರು ಜನ ಇದಾರೆ, ನಾನು ಹೇಳ್ಬೇಕು ಅಂತಿರೋ ವಿಷ್ಯ ಯಾರ ಹತ್ರ ತಗೊಂಡ್ರೂ ನೋಡ್ಕೋಬೇಕಾದ್ದೇ.

ಕಿಟ್ ವಿಷ್ಯಕ್ಕೆ ಬರೋ ಮುಂಚೆ ಇದು ಯಾಕೆ ಹೀಗಾಗುತ್ತೆ ಅಂತ ಹೇಳ್ಲೇಬೇಕು, ಅದು ಗೊತ್ತಿಲ್ದೆ ಹೊಸ ಬಾಕ್ಸ್ ತಂದು ಹಾಕಿದ್ರೆ ಅದೂ ಹಾಳಾಗುತ್ತೆ. 1948ರಲ್ಲಿ ಮೊದಲ ಲ್ಯಾಂಡ್ ರೋವರ್ ಬಂದಾಗ ಯುದ್ಧ ಮುಗಿದ ಬ್ರಿಟನ್‌ನಲ್ಲಿ ಸ್ಟೀಲು ಸಿಗೋದೇ ಕಷ್ಟ ಇತ್ತು, ಅದಕ್ಕೇ ಬಾಡಿಗೆ ಬರ್ಮಾಬ್ರೈಟ್ ಅಂತ ಮೆಗ್ನೀಸಿಯಂ ಸೇರಿರೋ ಅಲ್ಯುಮಿನಿಯಂ ಮಿಶ್ರಲೋಹ ಹಾಕಿದ್ರು. ಚಾಸಿ ಮಾತ್ರ ಸ್ಟೀಲೇ. ಆ ಪದ್ಧತಿ ಸೀರೀಸ್ ಅಂತ ಕರೆಯೋ ಹಳೇ ಲ್ಯಾಂಡ್ ರೋವರ್ ಗಾಡಿಗಳು, ಆಮೇಲೆ 90, 110 ಮಾಡೆಲ್‌ಗಳು, ಹೀಗೆ 2016ರ ಜನವರಿಲಿ ಹಳೇ ಡಿಫೆಂಡರ್ ನಿಲ್ಲೋವರೆಗೂ ಹೆಚ್ಚು ಕಮ್ಮಿ ಹಾಗೇ ನಡ್ಕೊಂಡು ಬಂತು. ಅಲ್ಯುಮಿನಿಯಂ ಬಾಡಿ ಅಲ್ವಾ ತುಕ್ಕು ಹಿಡಿಯಲ್ಲ ಅಂತ ಎಲ್ರೂ ಹೇಳ್ತಾರೆ. ಒಂಟಿಯಾಗಿದ್ರೆ ನಿಜ, ಗಾಳಿ ತಾಗಿದ ತಕ್ಷಣ ಅದ್ರ ಮೇಲೆ ಒಂದು ತೆಳು ಆಕ್ಸೈಡ್ ಪದರ ಕಟ್ಕೊಂಡು ತನ್ನನ್ನ ತಾನೇ ಕಾಪಾಡ್ಕೊಳುತ್ತೆ. ಆದ್ರೆ ಸ್ಟೀಲ್ ಜೊತೆ ಒತ್ತಿ ಕೂರ್ಸಿ ನಡುವೆ ನೀರು ಬಿಟ್ರೆ, ಅದ್ರಲ್ಲೂ ಉಪ್ಪಿನ ಅಂಶ ಇರೋ ನೀರು, ಆ ಜಾಗ ಒಂದು ಸಣ್ಣ ಬ್ಯಾಟರಿನೇ ಆಗೋಗುತ್ತೆ. ಆ ಬ್ಯಾಟರಿಲಿ ಕರಗೋದು ಅಲ್ಯುಮಿನಿಯಂ. ಸ್ಟೀಲ್ ಬೋಲ್ಟು ಹೊರಗಡೆ ಒಂಚೂರು ಕೆಂಪಾಗಿ ನಿಂತಿರುತ್ತೆ, ಅದ್ರ ಸುತ್ತ ಇರೋ ಶೀಟು ಪುಡಿಯಾಗಿ ಹೋಗಿರುತ್ತೆ. ಆ ಬಿಳಿ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು, ಅದಕ್ಕೇ ಪೇಂಟು ಒಳಗಿಂದ ಉಬ್ಬೋದು.

ಎಡಗಡೆ ಇದ್ರ ಮೇಲೆ ಬ್ಯಾಟರಿ ಆಸಿಡ್ ಕಾಟ ಬೇರೆ. ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗೋವಾಗ ಬರೋ ಹನಿ, ಆವಿ ಎಲ್ಲಾ ಮುಚ್ಚಿದ ಪೆಟ್ಟಿಗೆಲೇ ಉಳಿಯುತ್ತೆ, ಬ್ಯಾಟರಿ ಕೂರೋ ತಳ ಮೊದ್ಲು ಹೋಗುತ್ತೆ. ನಂದ್ರಲ್ಲಿ ಬ್ಯಾಟರಿ ಎತ್ತಿದ್ರೆ ತಳದ ಹಿಂದಿನ ಮೂಲೇಲಿ ರಸ್ತೆ ಕಾಣಿಸ್ತಿತ್ತು.

ಬದಲಾಯಿಸೋದು ಬೇಡ, ರಿಪೇರಿನೇ ಮಾಡ್ಸೋಣ ಅಂತಾನೇ ಇದ್ದೆ ಮೊದ್ಲು. ಹಳೇ ಗಾಡಿಲಿ ಒರಿಜಿನಲ್ ಎಷ್ಟು ಉಳಿಯುತ್ತೋ ಅಷ್ಟು ಒಳ್ಳೇದು ಅನ್ನೋ ಮನಸ್ಸು ನಂದು, ಆ ಸ್ಪಾಟ್ ವೆಲ್ಡ್ ಗುರುತು, ಫ್ಯಾಕ್ಟರಿಯವರು ಹಾಕಿದ ಸೀಲರ್ ಗೆರೆ, ಇವೆಲ್ಲಾ ಒಂದ್ಸಲ ಹೋದ್ರೆ ಹೋದ ಹಾಗೇ. ಅಲ್ಯುಮಿನಿಯಂ ವೆಲ್ಡಿಂಗ್ ಮಾಡೋ ಒಬ್ರನ್ನ ಕರ್ಕೊಂಡು ಬಂದು ತೋರಿಸ್ದೆ. ಅವರು ಬಂದವರೇ ಒಂದು ಸ್ಕ್ರೂಡ್ರೈವರ್ ತಗೊಂಡು ಹಿಂದಿನ ಅಂಚಲ್ಲಿ ಅಲ್ಲಲ್ಲಿ ಚುಚ್ಚಿ ನೋಡಿದ್ರು. ಮೂರು ಕಡೆ ಆಚೆಗೇ ಹೋಯ್ತು.

"ಅಣ್ಣಾ, ಇದು ಅಲ್ಯುಮಿನಿಯಂ ಅಲ್ಲ ಈಗ, ಪುಡಿ. ಪುಡಿ ಮೇಲೆ ವೆಲ್ಡಿಂಗ್ ನಿಲ್ಲಲ್ಲ. ನಾನು ದುಡ್ಡು ತಗೊಂಡು ಹಚ್ಚಿ ಕೊಡ್ಬೋದು, ಆದ್ರೆ ನೀವು ಇದ್ರ ಮೇಲೆ ಕೂತ್ಕೊಂಡು ಗಾಡಿ ಓಡಿಸ್ಬೇಕಲ್ಲ."

ಅವರು ಹೇಳಿದ್ದು ಸರಿ ಅಂತ ನಂಗೆ ಆಮೇಲೆ ಚೆನ್ನಾಗಿ ಅರ್ಥ ಆಯ್ತು. ಅಲ್ಯುಮಿನಿಯಂ ಕರಗೋದು 660 ಡಿಗ್ರಿಗೆ, ಅದ್ರ ಮೇಲಿರೋ ಆಕ್ಸೈಡ್ ಕರಗೋಕೆ 2000 ಡಿಗ್ರಿ ದಾಟ್ಬೇಕು. ಕೊಳೆತ ಜಾಗದಲ್ಲಿ ಒಳಗಿನ ಲೋಹ ನೀರಾಗಿ ಹರಿದು ಹೋಗಿರುತ್ತೆ, ಮೇಲಿನ ಪುಡಿ ಹಾಗೇ ನಿಂತಿರುತ್ತೆ. ಗಟ್ಟಿ ಲೋಹ ಸಿಗೋವರೆಗೂ ಕತ್ತರಿಸಿ ತೆಗೆದು ಹೊಸ ತುಂಡು ಸೇರಿಸಿದ್ರೆ ಮಾತ್ರ ಎಸಿ ಟಿಗ್ ವೆಲ್ಡಿಂಗ್ (ಅಲ್ಯುಮಿನಿಯಂಗೆ ಬಳಸೋ ವೆಲ್ಡಿಂಗ್) ನಿಲ್ಲೋದು, ನಂದ್ರಲ್ಲಿ ಆ ಗಟ್ಟಿ ಲೋಹ ಸಿಗೋಕೆ ಹಿಂದಿನ ಅಂಚು ಪೂರ್ತಿ, ಎಡಗಡೆ ತಳ ಪೂರ್ತಿ, ಬಲಗಡೆ ಸೀಟ್ ಬೋಲ್ಟಿನ ಜಾಗ ಎಲ್ಲಾ ತೆಗೀಬೇಕಿತ್ತು, ಆಮೇಲೆ ಉಳಿಯೋದೇನು.

ಇನ್ನೊಂದು ಏನಂದ್ರೆ ನಂಗಿಂತ ಮುಂಚೆ ಯಾರೋ ಇದನ್ನ ಒಂದ್ಸಲ ರಿಪೇರಿ ಮಾಡಿದ್ರು. ಬಲಗಡೆ ಬದಿಲಿ ಒಂದು ಅಂಗೈ ಅಗಲದ ತೇಪೆ, ಸ್ಟೀಲ್ ಶೀಟಿಂದು, ಟಾರ್ ಥರ ಏನೋ ಮೆತ್ತಿ ರಿವೆಟ್ ಹೊಡೆದಿದ್ರು. ಉಳಿ ಹಾಕಿ ಆ ತೇಪೆ ಎಬ್ಬಿಸ್ದೆ. ತೇಪೆ ಚೆನ್ನಾಗೇ ಇತ್ತು. ಅದ್ರ ಸುತ್ತ ಇದ್ದ ಅಲ್ಯುಮಿನಿಯಂ ಮಾತ್ರ ಜರಡಿ ಥರ ಆಗಿತ್ತು, ಒಂದೊಂದು ರಿವೆಟಿನ ಸುತ್ತಲೂ ಒಂದೊಂದು ಬಿಳಿ ಉಂಗುರ, ಉಂಗುರದ ಒಳಗೆ ತೂತು. ನೀರು ತಡೆಯೋಕೆ ಅಂತ ಹಾಕಿದ ಸ್ಟೀಲೇ ಬಾಕ್ಸನ್ನ ತಿಂದಿತ್ತು. ಅದನ್ನ ಕೈಲಿ ಹಿಡ್ಕೊಂಡು ನೋಡಿದ ಮೇಲೆ ನಂಗೆ ತೇಪೆ ಹಾಕೋ ಮನಸ್ಸು ಪೂರ್ತಿ ಹೋಯ್ತು.

ಹಾಗಂತ ಎಲ್ರೂ ಪೂರ್ತಿ ಬಾಕ್ಸೇ ಬದಲಾಯಿಸ್ಬೇಕು ಅಂತಲ್ಲ. ಬ್ಯಾಟರಿ ತಳ ಒಂದೇ ಹೋಗಿದ್ರೆ, ಬದಿ ಮತ್ತೆ ಹಿಂದಿನ ಅಂಚು ಗಟ್ಟಿ ಇದ್ರೆ, ಬರೀ ಬ್ಯಾಟರಿ ಬಾಕ್ಸ್ ಭಾಗ ಬೇರೆಯಾಗಿ ಸಿಗುತ್ತೆ, ಅದನ್ನ ಅಲ್ಯುಮಿನಿಯಂ ರಿವೆಟ್ ಮತ್ತೆ ಸೀಲೆಂಟ್ ಹಾಕಿ ಕೂರಿಸ್ಬೋದು. ಎಲ್ಲೋ ಒಂದು ಕಡೆ ತೂತಾಗಿದ್ರೆ ಅದೇ ಥರದ ಅಲ್ಯುಮಿನಿಯಂ ತುಂಡೇ ಸಾಕು. ಆದ್ರೆ ಸೀಟ್ ರನ್ನರ್ ಬೋಲ್ಟು, ಬೆಲ್ಟಿನ ಬಕಲ್ ಬೋಲ್ಟು ಕೂರೋ ಜಾಗದಲ್ಲಿ ಕೊಳೆತಿದ್ರೆ ದಯವಿಟ್ಟು ತೇಪೆಗೆ ಹೋಗ್ಬೇಡಿ. ಗಾಡಿ ಎಲ್ಲಾದ್ರೂ ಗುದ್ದಿದ್ರೆ ಮೈ ತೂಕ ಪೂರ್ತಿ ಬೀಳೋದು ಆ ನಾಲ್ಕಾರು ಬೋಲ್ಟಿನ ಮೇಲೆ.

ಕಿಟ್ ಬಂದಿದ್ದು ದೊಡ್ಡ ರಟ್ಟಿನ ಡಬ್ಬದಲ್ಲಿ, ಒಂದು ಮೂಲೆ ಜಜ್ಜಿತ್ತು, ಒಳಗೆ ಅಂಚಿಗೂ ಸ್ವಲ್ಪ ಏಟು ಬಿದ್ದಿತ್ತು ಆದ್ರೆ ಮರದ ತುಂಡು ಕೊಟ್ಟು ತಟ್ಟಿದ್ರೆ ಸರಿಹೋಗೋ ಅಷ್ಟೇ. ಶೀಟಿನ ಮೇಲೆ ನೀಲಿ ಪ್ಲಾಸ್ಟಿಕ್ ಪದರ ಅಂಟಿಸಿದ್ರು, ಅದನ್ನ ಸುಲಿಯೋವಾಗ ಒಳಗಿನ ಹೊಳೆಯೋ ಲೋಹ ನೋಡಿ ನಿಜವಾಗ್ಲೂ ಖುಷಿಯಾಯ್ತು. 2 ಎಂಎಂ ಶೀಟು, ಹಳೇದ್ರ ಚೆನ್ನಾಗಿರೋ ಜಾಗಕ್ಕಿಂತ ಕೈಗೆ ಗೊತ್ತಾಗೋ ಅಷ್ಟು ದಪ್ಪ. ಮಡಿಕೆಗಳು ನೇರ, ಒಂದೇ ಸಮ, ಮಡಚಿದ ಕಡೆ ಎಲ್ಲೂ ಬಿರುಕಿಲ್ಲ (ಗಡಸು ಅಲ್ಯುಮಿನಿಯಂ ಶೀಟನ್ನ ತುಂಬಾ ಕಿರಿದಾಗಿ ಮಡಚಿದ್ರೆ ಹೊರಗಡೆ ಸಣ್ಣ ಸಣ್ಣ ಬಿರುಕು ಬರುತ್ತೆ, ಲೈಟ್ ಬಿಟ್ಟು ನೋಡ್ಕೊಳಿ). ಒಳಮೂಲೆಗಳಲ್ಲಿ ವೆಲ್ಡಿಂಗ್ ಪೂರ್ತಿ ಉದ್ದಕ್ಕೂ ಇದೆ, ಚುಕ್ಕಿ ಚುಕ್ಕಿ ಹಾಕಿ ಬಿಟ್ಟಿಲ್ಲ. ಫ್ಯಾಕ್ಟರಿ ಬಾಕ್ಸಲ್ಲಿ ಎರಡು ಶೀಟ್ ಒಂದ್ರ ಮೇಲೊಂದು ಕೂತು ಸ್ಪಾಟ್ ವೆಲ್ಡ್ ಆಗಿರೋ ಕಡೆ ನಡುವೆ ನೀರು ಇಳಿದು ಅಲ್ಲೇ ಉಳೀತಿತ್ತು, ಇದ್ರಲ್ಲಿ ಆ ಥರ ಜಾಗಗಳು ಕಮ್ಮಿ, ಇದು ನಂಗೆ ತುಂಬಾ ಹಿಡಿಸಿದ ವಿಷ್ಯ.

ತೂತುಗಳ ವಿಷ್ಯ. ಸೀಟ್ ರನ್ನರಿಗೆ ಇದೆ, ಹ್ಯಾಂಡ್‌ಬ್ರೇಕಿಗೆ ಕಟ್ ಮಾಡಿ ಕೊಟ್ಟಿದಾರೆ, ನಡುವಿನ ಮುಚ್ಚಳಕ್ಕೆ ಇದೆ. ಮುಂದೆ ಫ್ಲೋರ್ ಶೀಟ್ ಕೂರೋ ಅಂಚಿಗೆ, ಹಿಂದೆ ಟಬ್ಬಿಗೆ (ಗಾಡಿಯ ಹಿಂಭಾಗದ ಬಾಡಿಗೆ) ಸೇರೋ ಅಂಚಿಗೆ ಇಲ್ಲ. ಮೊದ್ಲು ಸಿಟ್ಟು ಬಂತು, ಆಮೇಲೆ ಅದೇ ಸರಿ ಅನ್ಸ್ತು. ಈ ಗಾಡಿಗಳು ಒಂದಿದ್ದ ಹಾಗೆ ಇನ್ನೊಂದಿಲ್ಲ, ಹಳೇ ತೂತಿಗೆ ಹೊಸ ಶೀಟನ್ನ ಎಳೆದು ಎಳೆದು ಕೂರಿಸೋದಕ್ಕಿಂತ ಬಾಕ್ಸನ್ನ ಜಾಗದಲ್ಲಿಟ್ಟು ಕೆಳಗಿಂದ ಗುರುತು ಮಾಡಿ ತೂತು ಹಾಕ್ಕೊಳೋದೇ ನಿಖರ. ಹಿಂದಿನ ಅಂಚಿನ ಮಡಿಕೆ ಮಾತ್ರ ಒಂಚೂರು ಬಿಚ್ಕೊಂಡಿತ್ತು, ಟಬ್ಬಿನ ಜೊತೆ ಸಮ ಕೂರ್ತಾ ಇರ್ಲಿಲ್ಲ, ಎರಡು ಉದ್ದ ಮರದ ಪಟ್ಟಿ ನಡುವೆ ಹಿಡಿದು ಕ್ಲ್ಯಾಂಪ್ ಹಾಕಿ ನಿಧಾನಕ್ಕೆ ಮಡಚಬೇಕಾಯ್ತು. ಕತ್ತರಿಸಿದ ಕಡೆ ಉಳಿಯೋ ಚೂಪು ಚೂರು (ಬರ್) ತೆಗೆದಿರ್ಲಿಲ್ಲ, ಅಂಚುಗಳು ಬ್ಲೇಡ್ ಥರ ಇದ್ವು, ಗ್ಲೌಸ್ ಹಾಕ್ದೆ ಮುಟ್ಬೇಡಿ, ಅರ ಹಾಕಿ ಎಲ್ಲಾ ಅಂಚನ್ನೂ ಉಜ್ಜೋಕೇ ನಂಗೆ ಒಂದು ಗಂಟೆ ಹಿಡೀತು.

ಈಗ ಆ ಬೋಲ್ಟಿನ ಚೀಲ. ಇದನ್ನ ಬಿಚ್ಚಿ ನೋಡಿ ಬೇಜಾರಾಯ್ತು. ತೆಳು ಜಿಂಕ್ ಲೇಪನದ ಸ್ಟೀಲ್ ಬೋಲ್ಟು, ಅಷ್ಟೇ ಸಣ್ಣ ವಾಷರು, ಮಾಮೂಲಿ ಸ್ಟೀಲ್ ಕ್ಲಿಪ್ ನಟ್ಟು, ಒಳಗೆ ಸ್ಟೀಲ್ ಕಡ್ಡಿ ಇರೋ ಪಾಪ್ ರಿವೆಟ್ಟು. ನಡುವೆ ಹಾಕೋಕೆ ರಬ್ಬರ್ ಪಟ್ಟಿ ಇಲ್ಲ, ನೈಲಾನ್ ವಾಷರ್ ಇಲ್ಲ, ಪೇಸ್ಟ್ ಇಲ್ಲ, ಜೊತೆಗಿದ್ದ ಒಂದು ಹಾಳೆಲಿ ಎರಡು ಲೋಹನ ಬೇರೆ ಬೇರೆ ಇಡ್ಬೇಕು ಅನ್ನೋ ಒಂದು ಸಾಲೂ ಇಲ್ಲ. ಅಷ್ಟು ಚೆನ್ನಾಗಿ ಶೀಟು ಮಡಚಿ ವೆಲ್ಡ್ ಮಾಡಿದವರು, ಯಾವ ಕಾಯಿಲೆಯಿಂದ ಹಳೇ ಬಾಕ್ಸ್ ಸತ್ತಿತ್ತೋ ಅದೇ ಕಾಯಿಲೆನ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೇಲೇ ಕಳ್ಸಿದ್ರು. ಜಿಂಕ್ ಲೇಪನ ಇರೋವರೆಗೂ ತೊಂದರೆ ಇಲ್ಲ, ಜಿಂಕು ಅಲ್ಯುಮಿನಿಯಂಗೆ ಹತ್ತಿರದ್ದೇ, ಆದ್ರೆ ಆ ತೆಳು ಲೇಪನ ಒಂದ್ಸಲ ಸ್ಪ್ಯಾನರ್ ಹಾಕಿ ಬಿಗಿ ಮಾಡಿದ್ರೇ ಕಿತ್ತು ಹೋಗುತ್ತೆ, ಆಮೇಲೆ ಬರೀ ಸ್ಟೀಲು. ಮಾರಿದವರಿಗೆ ಬರೆದು ಕೇಳ್ದೆ, ಎಲ್ರೂ ಅದನ್ನೇ ಹಾಕ್ತಾರೆ, ಯಾರೂ ಕಂಪ್ಲೇಂಟ್ ಮಾಡಿಲ್ಲ ಅಂದ್ರು. ಮಾಡಲ್ಲ, ಯಾಕಂದ್ರೆ ಇದು ಗೊತ್ತಾಗೋಕೆ ಕೆಲವು ವರ್ಷ ಬೇಕು.

ಹಳೇದನ್ನ ತೆಗೆಯೋದು ಹೊಸದನ್ನ ಹಾಕೋದಕ್ಕಿಂತ ದೊಡ್ಡ ಕೆಲಸ. ಹಾಳೆಲಿ ಕೆಲವೇ ಗಂಟೆ ಅಂತ ಬರೆದಿತ್ತು, ನಂಗೆ ತೆಗೆಯೋಕೇ ಒಂದೂವರೆ ದಿನ ಆಯ್ತು. ಮೊದ್ಲು ಬ್ಯಾಟರಿ, ನೆಗೆಟಿವ್ ಮೊದ್ಲು ಬಿಚ್ಚಿ ಆಮೇಲೆ ಪಾಸಿಟಿವ್, ವಾಪಸ್ ಹಾಕೋವಾಗ ಉಲ್ಟಾ. ಸೀಟು, ನಡುವಿನ ಕಬ್ಬಿ ಬಾಕ್ಸು (ಸಣ್ಣ ಸಾಮಾನು ಇಡೋ ಡಬ್ಬ), ಬೆಲ್ಟ್ ಬಕಲ್, ಗೇರ್ ಲಿವರ್ ಗುಂಡು ಮತ್ತೆ ಅದ್ರ ಬುಡದ ರಬ್ಬರ್ ಗೇಟರ್, ಗೇರ್ ಬಾಕ್ಸ್ ಮುಚ್ಚೋ ಟನಲ್ ಕವರ್, ಎರಡೂ ಫ್ಲೋರ್ ಶೀಟು. ಹ್ಯಾಂಡ್‌ಬ್ರೇಕ್ ಲಿವರ್ ಡಿಫೆಂಡರಲ್ಲಿ ಇದೇ ಬಾಕ್ಸಿಗೆ ಬೋಲ್ಟ್ ಆಗಿರೋದು, ಅದನ್ನ ಬಿಚ್ಚೋ ಮುಂಚೆ ನಾಲ್ಕೂ ಚಕ್ರಕ್ಕೆ ಕಟ್ಟೆ ಕೊಡಿ. ಈ ಗಾಡಿಲಿ ಹ್ಯಾಂಡ್‌ಬ್ರೇಕ್ ಹಿಡಿಯೋದು ಚಕ್ರನ ಅಲ್ಲ, ಟ್ರಾನ್ಸ್‌ಫರ್ ಬಾಕ್ಸಿನ ಹಿಂದಿರೋ ಡ್ರಮ್ಮನ್ನ, ಅಂದ್ರೆ ಪ್ರೊಪೆಲ್ಲರ್ ಶಾಫ್ಟನ್ನ. ಅದು ಬಿಚ್ಚಿದ್ರೆ ಎರಡೂವರೆ ಮೂರು ಟನ್‌ವರೆಗೂ ತೂಗ್ಬೋದಾದ ಗಾಡಿ ಯಾವ ಹಿಡಿತವೂ ಇಲ್ದೆ ನಿಂತಿರುತ್ತೆ.

ಫ್ಲೋರ್ ಶೀಟಿನ ಬೋಲ್ಟುಗಳಲ್ಲಿ ಅರ್ಧಕ್ಕರ್ಧ ಬಿಚ್ಲಿಲ್ಲ. ನಂದು ಮೆಟ್ರಿಕ್, ಹೆಚ್ಚಿನವು ಎಂ6, 10ರ ಸ್ಪ್ಯಾನರ್ರು. ಸೀರೀಸ್ 2, 3 ಇರೋರಿಗೆ ಇಂಚಿನ ಸ್ಪ್ಯಾನರ್ ಸೆಟ್ಟೇ ಬೇಕಾಗುತ್ತೆ. ಬಿಚ್ದೇ ಇದ್ದಾಗ ಜೋರು ಮಾಡಿ ಶೀಟ್ ಹರಿಯೋದಕ್ಕಿಂತ ತಲೆ ಮೇಲೆ ಡ್ರಿಲ್ ಹಾಕಿ ತೆಗೆಯೋದೇ ಬೇಗ ಆಗುತ್ತೆ. ಗ್ರೈಂಡರ್ ಹಾಕೋ ಆಸೆ ಎಲ್ರಿಗೂ ಬರುತ್ತೆ, ಆದ್ರೆ ಕಿಡಿ ಎಲ್ಲಿಗೆ ಹಾರುತ್ತೆ ಅಂತ ನೋಡ್ಕೊಳಿ, ನಂದು 110 ಆದ್ರಿಂದ ಡೀಸೆಲ್ ಟ್ಯಾಂಕ್ ಹಿಂದಿದೆ, ಹಳೇ 90 ಮತ್ತೆ ಸೀರೀಸ್ 88 ಇಂಚಿನ ಗಾಡಿಗಳಲ್ಲಿ ಟ್ಯಾಂಕ್ ಸೀಟಿನ ಕೆಳಗೇ ಇರುತ್ತೆ, ಅಲ್ಲಿ ಗ್ರೈಂಡಿಂಗ್, ವೆಲ್ಡಿಂಗ್ ಯೋಚನೆನೇ ಬೇಡ, ಟ್ಯಾಂಕ್ ಇಳಿಸಿ ದೂರ ಇಡೋವರೆಗೂ. ಬ್ಯಾಟರಿ ಇದ್ದ ಜಾಗದಲ್ಲೂ ಅಷ್ಟೇ, ಚಾರ್ಜ್ ಆಗೋವಾಗ ಹೈಡ್ರೋಜನ್ ಬರುತ್ತೆ, ಮೊದ್ಲು ಗಾಳಿ ಆಡೋಕೆ ಬಿಡಿ.

ಬಾಕ್ಸ್ ಎತ್ತಿ ಹೊರಗಿಟ್ಟ ಮೇಲೆ ಗೇರ್ ಬಾಕ್ಸು, ಟ್ರಾನ್ಸ್‌ಫರ್ ಬಾಕ್ಸು, ಚಾಸಿಯ ಎರಡೂ ಉದ್ದ ತೊಲೆ, ವೈರಿಂಗು ಎಲ್ಲಾ ಬೆಳಕಿಗೆ ಬಿದ್ವು. ಈ ಗಾಡಿಗಳಲ್ಲಿ ಗೇರ್ ಬಾಕ್ಸನ್ನ ಬೇಕಿದ್ರೆ ಸೀಟ್ ಬಾಕ್ಸ್ ತೆಗೆದು ಒಳಗಿಂದಾನೇ ಮೇಲಕ್ಕೆ ಎತ್ತಬೋದು ಅಂತ ಕೇಳಿದ್ದೆ, ಆ ಜಾಗ ಕಣ್ಣಾರೆ ನೋಡಿದ್ಮೇಲೆ ಯಾಕೆ ಅಂತ ಗೊತ್ತಾಯ್ತು. ಇಂಥ ಅವಕಾಶ ಮತ್ತೆ ಬರಲ್ಲ, ಹಾಗಾಗಿ ಹ್ಯಾಂಡ್‌ಬ್ರೇಕ್ ಕೇಬಲ್ ಹೊಸದು ಹಾಕ್ದೆ, ಗಾಳಿ ಆಡೋಕೆ ಇರೋ ಬ್ರೀದರ್ ಪೈಪ್ ಬಾಯಿ ಕಟ್ಕೊಂಡಿತ್ತು ಅದನ್ನ ಕ್ಲೀನ್ ಮಾಡ್ದೆ, ಚಾಸಿ ಮೇಲ್ಗಡೆ ಕೂತಿದ್ದ ಹತ್ತಿಪ್ಪತ್ತು ವರ್ಷದ ಮಣ್ಣು ಕೆರೆದು ತೆಗೆದು ವ್ಯಾಕ್ಸ್ ಹೊಡ್ದೆ. ನೀರು ಎಲ್ಲಿಂದ ಬರ್ತಿತ್ತು ಅನ್ನೋದೂ ಆಗ್ಲೇ ಸಿಕ್ಕಿದ್ದು, ಬಾಗಿಲಿನ ಕೆಳಗಿನ ರಬ್ಬರ್ ಹರಿದಿತ್ತು, ವಿಂಡ್‌ಸ್ಕ್ರೀನ್ ಕೆಳಗಿನ ಗಾಳಿ ಕಿಂಡಿಯ ಸೀಲು ಚಪ್ಪಟೆ ಆಗಿತ್ತು. ಟಿಡಿ5 (ಆಮೇಲೆ ಬಂದ ಡೀಸೆಲ್ ಎಂಜಿನ್) ಇರೋರು ಇದನ್ನ ಇನ್ನೂ ಸೀರಿಯಸ್ಸಾಗಿ ತಗೋಬೇಕು, ಅದ್ರಲ್ಲಿ ಎಂಜಿನ್ ನಡೆಸೋ ಕಂಪ್ಯೂಟರ್ ಇಸಿಯು ಇರೋದೇ ಸೀಟಿನ ಕೆಳಗೆ.

ಆಸಿಡ್ ಬಿದ್ದಿದ್ದ ಕಡೆ ಬೇಕಿಂಗ್ ಸೋಡಾ ನೀರಲ್ಲಿ ಕಲಸಿ ಸುರಿದೆ, ಚಾಸಿ ಮೇಲೆ ಬುಸುಬುಸು ನೊರೆ ಬಂತು, ನೊರೆ ನಿಲ್ಲೋವರೆಗೂ ಹಾಕಿ ಆಮೇಲೆ ಚೆನ್ನಾಗಿ ತೊಳ್ದೆ. ಕಾಸ್ಟಿಕ್ ಇರೋ ಕ್ಲೀನರ್ ಮಾತ್ರ ಅಲ್ಯುಮಿನಿಯಂ ಹತ್ರ ತರ್ಬೇಡಿ, ಅದು ಲೋಹಾನೇ ಕರಗಿಸುತ್ತೆ. ಹಾಗೇ ಸ್ಟೀಲ್ ಚಾಸಿ ಉಜ್ಜಿದ ತಂತಿ ಬ್ರಷ್ಷಲ್ಲೇ ಹೊಸ ಬಾಕ್ಸ್ ಉಜ್ಜಬೇಡಿ, ಕಣ್ಣಿಗೆ ಕಾಣದ ಸ್ಟೀಲ್ ಚೂರುಗಳು ಅಲ್ಯುಮಿನಿಯಂ ಒಳಗೆ ಚುಚ್ಕೊಂಡು ಪೇಂಟ್ ಕೆಳಗಿಂದಾನೇ ಕೆಲಸ ಶುರು ಮಾಡ್ತವೆ.

ಹೊಸ ಬಾಕ್ಸನ್ನ ನಾನು ಹೇಗೆ ಕೂರಿಸ್ದೆ ಅಂದ್ರೆ, ಎಲ್ಲಾ ತೂತು ಹಾಕಿ ಒಂದ್ಸಲ ಸುಮ್ನೆ ಜಾಗದಲ್ಲಿಟ್ಟು ಸರಿ ಕೂರುತ್ತೆ ಅಂತ ಖಾತ್ರಿ ಮಾಡ್ಕೊಂಡು ಮತ್ತೆ ಹೊರಗೆ ತೆಗ್ದೆ. ಬರೀ ಅಲ್ಯುಮಿನಿಯಂ ಮೇಲೆ ಮಾಮೂಲಿ ಪ್ರೈಮರ್ ನಿಲ್ಲಲ್ಲ, ಕಚ್ಕೊಳೋ ಎಚ್ (etch) ಪ್ರೈಮರ್ರೇ ಬೇಕು, ಅದ್ರ ಮೇಲೆ ಇನ್ನೊಂದು ಪ್ರೈಮರು, ಆಮೇಲೆ ಪೇಂಟು. ತೂತುಗಳ ಒಳ ಅಂಚಿಗೂ ಸಣ್ಣ ಬ್ರಷ್ಷಲ್ಲಿ ಹಚ್ದೆ, ಎಲ್ರೂ ಬಿಡೋದು ಇದನ್ನೇ, ಕಾಯಿಲೆ ಶುರುವಾಗೋದೂ ಇಲ್ಲಿಂದಾನೇ. ಪೇಂಟ್ ಪೂರ್ತಿ ಒಣಗೋಕೆ ಬಿಟ್ಟು, ಬಾಕ್ಸು ಸ್ಟೀಲಿಗೆ ತಾಗೋ ಪ್ರತಿ ಕಡೆ ರಬ್ಬರ್ ಪಟ್ಟಿ ಅಂಟಿಸ್ದೆ. ಬೋಲ್ಟೆಲ್ಲಾ ಸ್ಟೇನ್‌ಲೆಸ್, ಅಗಲ ವಾಷರ್, ಅದ್ರ ಕೆಳಗೆ ನೈಲಾನ್ ವಾಷರ್, ಪ್ರತಿ ಬೋಲ್ಟಿನ ಕುತ್ತಿಗೆಗೂ ಡ್ಯುರಲಾಕ್ ಅಂತ ಸಿಗೋ ಹಳದಿ ಪೇಸ್ಟು. ಸೀಟ್ ಮತ್ತೆ ಬೆಲ್ಟ್ ಬೋಲ್ಟಿಗೆ ಮಾತ್ರ ನೈಲಾನ್ ಹಾಕ್ಲಿಲ್ಲ, ಅವು ಬಿಗಿಯಾಗಿ ಲೋಹಕ್ಕೆ ಲೋಹ ಕೂರ್ಬೇಕು, ಆವತ್ತು ಕಂಪನಿ ಕೊಟ್ಟಿದ್ದ ಅದೇ ಗ್ರೇಡಿನ ಸ್ಟೀಲ್ ಬೋಲ್ಟೇ ಹೊಸದು ತಂದು ಪೇಸ್ಟ್ ಜಾಸ್ತಿ ಮೆತ್ತಿ ಹಾಕ್ದೆ, ಕೆಳಗಡೆ ದಪ್ಪ ಪ್ಲೇಟ್ ಕೊಟ್ಟೆ.

ಸ್ಟೇನ್‌ಲೆಸ್ ಹಾಕಿದ್ರೆ ಇನ್ನೂ ಕೆಟ್ಟದ್ದಲ್ವಾ ಅಂತ ಕೆಲವರು ಕೇಳ್ತಾರೆ. ಒಳ್ಳೇ ಪ್ರಶ್ನೆ ಅದು. ಯಾವ ಲೋಹ ಯಾವುದನ್ನ ತಿನ್ನುತ್ತೆ ಅಂತ ಹೇಳೋ ಲೋಹಗಳ ಸಾಲಲ್ಲಿ ಸ್ಟೇನ್‌ಲೆಸ್ಸು ಅಲ್ಯುಮಿನಿಯಂ ಇಂದ ಇನ್ನೂ ದೂರಾನೇ. ಆದ್ರೆ ಸಣ್ಣ ಬೋಲ್ಟು, ದೊಡ್ಡ ಶೀಟು ಇರೋದ್ರಿಂದ ಹಾನಿ ಹಂಚ್ಕೊಂಡು ಹೋಗುತ್ತೆ, ನಡುವೆ ಪೇಸ್ಟು ವಾಷರು ಇದ್ರೆ ನೀರಿಗೆ ದಾರಿಯೇ ಇರಲ್ಲ. ಪೇಸ್ಟ್ ಇಲ್ದೆ ಬರೀ ಸ್ಟೇನ್‌ಲೆಸ್ ಹಾಕಿದ್ರೆ ಮಾತ್ರ ಅವರು ಹೇಳೋದು ಸರಿ.

ಸೀಲೆಂಟ್ ಬಗ್ಗೆ ಒಂದು ಮಾತು, ಹಚ್ಚಿದಾಗ ವಿನೆಗರ್ ವಾಸನೆ ಬರೋ ಸಿಲಿಕೋನ್ ಬಳಸ್ಬೇಡಿ, ಒಣಗೋವಾಗ ಅಸಿಟಿಕ್ ಆಸಿಡ್ ಬಿಡುತ್ತೆ. ಪಾಲಿಯುರೆಥೇನ್ ಸೀಲೆಂಟೇ ಬೇಕು.

ಕೂರಿಸಿ ಓಡಿಸಿದಾಗ ಮೊದ್ಲು ಗೊತ್ತಾಗಿದ್ದು ಶಬ್ದ. ಹಳೇ ಬಾಕ್ಸು ಒಂದು ಆರ್‌ಪಿಎಂ ಹತ್ರ ಡ್ರಮ್ಮಿನ ಥರ ಗುಂಯ್ ಅಂತಿತ್ತು, ಅದು ಗಾಡಿಯ ಸ್ವಭಾವ ಅಂತಾನೇ ನಾನು ತಿಳ್ಕೊಂಡಿದ್ದೆ. ದಪ್ಪ ಶೀಟಿಗೋ ರಬ್ಬರ್ ಪಟ್ಟಿಗೋ, ಅದು ಮುಕ್ಕಾಲು ಪಾಲು ಹೋಯ್ತು. ಸೀಟು ಬಂಡೆ ಥರ ಕೂತಿದೆ, ಹ್ಯಾಂಡ್‌ಬ್ರೇಕ್ ಎಳೆದಾಗ ಮುಂಚೆ ಬಾಕ್ಸೇ ಸ್ವಲ್ಪ ಬಾಗ್ತಿತ್ತು, ಈಗ ಇಲ್ಲ. ಗೇರ್ ಬಾಕ್ಸಿನ ಬಿಸಿ ಮೇಲೆ ಬರೋದ್ರಲ್ಲಿ ವ್ಯತ್ಯಾಸ ಏನಿಲ್ಲ. ಬ್ಯಾಟರಿ ಮುಚ್ಚಳ ಮಾತ್ರ ಒಂದು ಬದಿ ಉಜ್ಜುತ್ತೆ, ಅರ ಹಾಕಿ ಸರಿ ಮಾಡ್ಕೊಂಡೆ. ಬ್ಯಾಟರಿ ಕ್ಲ್ಯಾಂಪಿನ ತೂತು ನನ್ನ ಬ್ಯಾಟರಿಗೆ ಸರಿಯಾಗಿ ಬರ್ಲಿಲ್ಲ, ಬೇರೆ ಹಾಕ್ದೆ. ಆ ಮುಚ್ಚಳದ ಒಳಗಡೆಗೆ ಒಂದು ದಪ್ಪ ರಬ್ಬರ್ ಶೀಟ್ ಅಂಟಿಸೋದನ್ನ ಮರೀಬೇಡಿ, ಯಾರಾದ್ರೂ ಭಾರವಾಗಿ ಕೂತು ಮುಚ್ಚಳ ಬಾಗಿ ಪಾಸಿಟಿವ್ ಟರ್ಮಿನಲ್ಲಿಗೆ ತಾಗಿದ್ರೆ ಅಲ್ಲೇ ಬೆಂಕಿ. ಕಿಟ್ಟಲ್ಲಿ ಇದೂ ಬರಲ್ಲ, ಬರ್ಬೇಕಿತ್ತು. ಬ್ಯಾಟರಿ ತಳದ ಅತಿ ತಗ್ಗಿನ ಮೂಲೇಲಿ ಒಂದು ಸಣ್ಣ ತೂತು ನಾನೇ ಹಾಕಿ ಪೈಪ್ ಇಳಿಬಿಟ್ಟೆ, ನೀರು ಬಂದ್ರೂ ನಿಲ್ದೆ ಹೋಗ್ಲಿ ಅಂತ. ಹಳೇ ಫೆಲ್ಟ್ ವಾಪಸ್ ಹಾಕ್ಲಿಲ್ಲ, ನೀರು ಕುಡಿಯದ ಫೋಮ್ ಮ್ಯಾಟ್ ಹಾಕಿದೀನಿ, ಅಂಟಿಸಿಲ್ಲ, ಎತ್ತಿ ನೋಡೋ ಹಾಗೇ ಬಿಟ್ಟಿದೀನಿ.

ತಗೋಬೋದಾ ಅಂತ ಕೇಳಿದ್ರೆ, ಹಿಂದಿನ ಅಂಚು ಹೋಗಿರೋರು, ಎರಡೂ ಬದಿ ಕೊಳೆತಿರೋರು ಖಂಡಿತ ತಗೊಳಿ, ಶೀಟಿನ ಕೆಲಸ ಅಷ್ಟು ಚೆನ್ನಾಗಿದೆ. ಡ್ರಿಲ್, ಅರ ಹಿಡಿದು ಎರಡು ಮೂರು ದಿನ ಕೂರೋ ತಾಳ್ಮೆ ಇಲ್ಲ ಅಂದ್ರೆ ತೂತು ಪೂರ್ತಿ ಹಾಕಿರೋ ಬಾಕ್ಸ್ ಹುಡುಕಿ. ಶೋ ಗಾಡಿ ಮಾಡ್ತಿರೋರಿಗೆ ಇದು ಬೇಡ, ಸ್ಪಾಟ್ ವೆಲ್ಡ್ ಗುರುತಿಲ್ಲ, ಮಡಿಕೆಯ ಆಕಾರ ಒಂಚೂರು ಬೇರೆ, ಗೊತ್ತಿರೋರು ನೋಡಿದ ತಕ್ಷಣ ಹೇಳ್ತಾರೆ. ಮಾರೋರು ಆ ಬೋಲ್ಟಿನ ಚೀಲ ಬದಲಾಯಿಸಿ, ಒಂದು ಸುರುಳಿ ರಬ್ಬರ್ ಪಟ್ಟಿ, ಒಂದು ಸಣ್ಣ ಟ್ಯೂಬ್ ಪೇಸ್ಟ್ ಕೊಟ್ಬಿಟ್ರೆ ಐದಕ್ಕೆ ಐದು ಕೊಡ್ತಿದ್ದೆ. ಈಗ ಮೂರೂವರೆ.

ಹಾಕಿ ಒಂದೂವರೆ ವರ್ಷ ಆಯ್ತು, ನಡುವೆ ಎರಡು ಮಳೆಗಾಲ, ಸುಮಾರು ಸಲ ಹೊಳೆ ದಾಟಿದೀನಿ. ಹೋದ ವಾರ ಸೀಟು ತೆಗೆದು, ಮ್ಯಾಟ್ ಎತ್ತಿ, ಟಾರ್ಚ್ ಹಿಡ್ಕೊಂಡು ಒಂದೊಂದೇ ಬೋಲ್ಟ್ ನೋಡ್ದೆ. ವಾಷರ್ ಅಂಚಿಂದ ಹೊರಗೆ ಬಂದಿದ್ದ ಹಳದಿ ಪೇಸ್ಟಿನ ಗೆರೆ ಹಾಕಿದ ದಿನ ಹೇಗಿತ್ತೋ ಹಾಗೇ ಇದೆ, ಹಿಂದಿನ ಅಂಚು ಸ್ವಚ್ಛ, ಬ್ಯಾಟರಿ ತಳ ಸ್ವಚ್ಛ. ಒಂದೇ ಒಂದು ಕಡೆ, ಬ್ಯಾಟರಿ ಮುಚ್ಚಳದ ಕೊಂಡಿ ಹತ್ರ, ಪೇಂಟಿನ ಕೆಳಗೆ ಕಡಲೆ ಕಾಳಿನಷ್ಟು ಗುಳ್ಳೆ ಎದ್ದಿತ್ತು. ಸ್ಕ್ರೂ ಬಿಚ್ಚಿದೆ, ಅದು ಕಿಟ್ಟಿನ ಚೀಲದಲ್ಲಿದ್ದ ಥರದ್ದೇ, ಕೊಂಡಿ ಅವರೇ ಕೂರಿಸಿ ಕಳ್ಸಿದ್ರಿಂದ ನಾನು ಅದನ್ನ ಬದಲಾಯಿಸಿರ್ಲಿಲ್ಲ. ಸ್ಕ್ರೂ ಎಳೆಗಳ ನಡುವೆ ಬಿಳಿ ಪುಡಿ ತುಂಬ್ಕೊಂಡಿತ್ತು. ಕೆರೆದು, ಪ್ರೈಮರ್ ಹಚ್ಚಿ, ಸ್ಟೇನ್‌ಲೆಸ್ ಸ್ಕ್ರೂಗೆ ಪೇಸ್ಟ್ ಮೆತ್ತಿ ಹಾಕಿದೀನಿ, ಇನ್ನೊಂದು ಕಡೆ ಕೊಂಡಿದೂ ಅವತ್ತೇ ಬದಲಾಯಿಸ್ದೆ.